ಸ್ಯಾಟರ್‌ಥ್ವೈಟ್ ಎಂಬ ಅಡ್ಡಹೆಸರು

ದೋಹಾದ ಅಲ್ ಅಜೀಜಿಯಾದಲ್ಲಿ ನಾವಿದ್ದದ್ದು ಇಡೀ ಒಂದು ಮನೆಯಲ್ಲಲ್ಲ. ಒಂದು ವಿಲ್ಲಾವನ್ನು ಪ್ಲೈವುಡ್ ಹಲಗೆಗಳಿಂದ ಮೂರು ಪಾಲು ಮಾಡಿದ್ದರಲ್ಲಿ ಒಂದು ಪಾಲಿನಲ್ಲಿ. ಒಂದು ಹಾಲ್, ಒಂದು ಮಲಗುವ ಕೋಣೆ, ಹಿಂದೆ ಕಾರು ನಿಲ್ಲಿಸುವ ಜಾಗಕ್ಕೆ ತಗಡು ಹೊದೆಸಿ ಮಾಡಿದ ಅಡುಗೆಮನೆ. ಹಲಗೆಯ ಆಚೆ ತ್ರಿಶೂರಿನ ಒಂದು ಕುಟುಂಬವಿತ್ತು. ಅವರ ಕುಕ್ಕರ್ ಕೂಗಿದರೆ ನಮ್ಮದೇ ಎಂದುಕೊಂಡು ಅಮ್ಮ ಎಷ್ಟೋ ಸಲ ಒಲೆ ಆರಿಸಿ ಅರೆಬೆಂದ ಬೇಳೆ ಬಡಿಸಿದ್ದಾಳೆ. ಅವರದು ನಮಗೆ ಕೇಳಿಸುತ್ತದೆ ಎಂದರೆ ನಮ್ಮದು ಅವರಿಗೂ ಕೇಳಿಸುತ್ತದೆ. ಹಾಗಾಗಿ ನಮ್ಮಲ್ಲಿ ಎಲ್ಲವೂ ಪಿಸುಮಾತು. ಅಪ್ಪ ಅಮ್ಮ ಜಗಳವಾಡಿದರೂ ಪಿಸುಮಾತಿನಲ್ಲಿ, ನನಗೆ ಬೈದರೂ ಪಿಸುಮಾತಿನಲ್ಲಿ. ಶುಕ್ರವಾರ ರಜೆ. ಆಗ ಅಲ್ಲಿ ಚರ್ಚುಗಳಿರಲಿಲ್ಲ. ಮಂಗಳೂರು, ಉಡುಪಿ ಕಡೆಯ ನಾಲ್ಕೈದು ಮನೆಯವರು ಯಾರದಾದರೂ ಹಾಲಿನಲ್ಲಿ ಸೇರಿ, ಪರದೆ ಎಳೆದು, ಏಸಿಯ ಸದ್ದಿಗಿಂತ ಮೇಲೆ ಹೋಗದಂತೆ ಕನ್ನಡ ಕೀರ್ತನೆಗಳನ್ನು ಹಾಡುತ್ತಿದ್ದೆವು. ಜೋರಾಗಿ ಹಾಡಿದರೆ ಏನಾಗುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಹೇಳದೆ ಇದ್ದದ್ದರಿಂದಲೇ ನನಗೆ ಹೆಚ್ಚು ಹೆದರಿಕೆ.

ಆ ಪಿಸುಮಾತಿನ ಮನೆಯ ಬಾಗಿಲಿಗೆ ಅಪ್ಪ ಒಂದು ಹಿತ್ತಾಳೆಯ ಫಲಕ ಹೊಡೆಸಿದ್ದ: ಜಯಕರ ಸ್ಯಾಟರ್‌ಥ್ವೈಟ್. ನಮ್ಮ ಮನೆಯಲ್ಲಿ ಜೋರಾಗಿ ಮಾತಾಡುತ್ತಿದ್ದದ್ದು ಅದೊಂದೇ. ಇಂಗ್ಲೆಂಡಿನಲ್ಲೇ ಅಪರೂಪವಾದ ಹೆಸರದು. ಶಾಲೆಯಲ್ಲಿ ಹಾಜರಿ ಕರೆಯುವ ಹೊಸ ಟೀಚರುಗಳು ಆ ಹೆಸರು ಓದಿ ತಲೆಯೆತ್ತಿ ಬಿಳಿ ಹುಡುಗಿಯನ್ನು ಹುಡುಕುತ್ತಿದ್ದರು. ನಾನು ಕೈಯೆತ್ತಿದರೆ ಮತ್ತೊಮ್ಮೆ ಓದುತ್ತಿದ್ದರು. ಮೂಲೆಯಂಗಡಿಯವನು ಅಪ್ಪನನ್ನು ಸತ್ತಾರ್ ಭಾಯ್ ಮಾಡಿ ಕೈಬಿಟ್ಟಿದ್ದ. ಪ್ರಾರ್ಥನೆಗೆ ಬರುತ್ತಿದ್ದ ಉಡುಪಿಯ ಅಂಕಲ್ ಒಬ್ಬರು, “ನಿಮ್ಮ ಬಣ್ಣ ನೋಡಿದ್ರೆ ಬಜ್ಪೆ, ಹೆಸರು ನೋಡಿದ್ರೆ ಬಕಿಂಗ್‌ಹ್ಯಾಮ್ ಮಾರಾಯ್ರೆ” ಎಂದು ನಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅಪ್ಪ ಮಾತ್ರ ನಗುತ್ತಿರಲಿಲ್ಲ.

ಅಪ್ಪ ಒಂದು ದೊಡ್ಡ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ಅವನ ಸೆಕ್ಷನ್ನಿನ ಉಳಿದ ಇಂಡಿಯನ್ನರೆಲ್ಲ ಒಂದೊಂದು ರೂಮಿನಲ್ಲಿ ಆರಾರು ಜನರಂತೆ ಕ್ಯಾಂಪಿನಲ್ಲಿದ್ದರು. ಅಪ್ಪನಿಗೊಬ್ಬನಿಗೇ ಫ್ಯಾಮಿಲಿ ಸ್ಟೇಟಸ್, ಅಂದರೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಅನುಮತಿ. ಅದು ಹೆಸರಿನಿಂದ ಸಿಕ್ಕಿದ್ದು ಎಂದು ಅವನು ನಂಬಿದ್ದ. ಬೊಂಬಾಯಿಯಲ್ಲಿ ಇಂಟರ್‌ವ್ಯೂ ಮಾಡಿದ ಬಿಳಿಯ, ಈ ಹೆಸರು ನಿಮಗೆ ಹೇಗೆ ಬಂತು ಎಂದು ಕೇಳಿದನಂತೆ. ನನ್ನ ಅಜ್ಜ ಒಬ್ಬ ಇಂಗ್ಲಿಷ್ ಸರ್ವೇಯರನ ಮಗ ಸರ್, ಎಂದು ಅಪ್ಪ ಹೇಳಿದನಂತೆ. ಎರಡು ವರ್ಷ ನಾನು ಮತ್ತು ಅಮ್ಮ ಮಂಗಳೂರಿನಲ್ಲಿ, ಅವನು ಇಲ್ಲಿ. ಆಮೇಲೆ ಒಂದು ದಿನ ನಮ್ಮ ವೀಸಾ ಬಂತು. ಆ ಎರಡು ವರ್ಷ ನನಗೆ ಚೆನ್ನಾಗಿ ನೆನಪಿದೆ. ತಿಂಗಳಿಗೊಮ್ಮೆ ಅಪ್ಪನ ದನಿ ತುಂಬಿದ ಕ್ಯಾಸೆಟ್ ಬರುತ್ತಿತ್ತು. ಅದನ್ನು ಹಾಕಿ ಅಮ್ಮ ಬಟ್ಟೆ ಮಡಚುತ್ತಿದ್ದಳು, ನಾನು ಟೇಪ್ ರೆಕಾರ್ಡರಿನ ಹತ್ತಿರ ಕೂತು ಅವನ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದೆ.

ದೋಹಾಕ್ಕೆ ಬಂದ ಮೇಲೆ ಅಪ್ಪ ಆ ವಂಶಾವಳಿಯನ್ನು ನನಗೆ ಬಾಯಿಪಾಠ ಮಾಡಿಸಿದ. ಇಸ್ತ್ರಿ ಹಾಕುತ್ತ ಕೇಳುತ್ತಿದ್ದ.

“ನಿನ್ನ ಮುತ್ತಜ್ಜ ಸಮುವೇಲ ಯಾರ ಮಗ?”

“ಸರ್ವೇಯರ್ ಸ್ಯಾಟರ್‌ಥ್ವೈಟ್ ಅವರ ಮಗ.”

“ಸಮುವೇಲನ ತಾಯಿ?”

“ಅಕ್ಕು. ಸರ್ವೇಯರ್ ಹೆಂಡತಿ. ಮದುವೆ ಚರ್ಚಲ್ಲಿ ಆಯ್ತು.”

“ಗುಡ್. ಯಾರು ಕೇಳಿದ್ರೂ ಅಷ್ಟೇ. ಹೆಚ್ಚು ಬೇಡ.”

ಹೆಚ್ಚು ಬೇಡ ಎಂದದ್ದೇ ನನ್ನನ್ನು ಕೊರೆಯುತ್ತಿತ್ತು. ನಿಜವಾದ ವಿಷಯಕ್ಕೆ ಯಾರೂ ಅಳತೆ ಹೇಳುವುದಿಲ್ಲ ಎಂಬುದು ಹನ್ನೊಂದು ವರ್ಷದವಳಿಗೂ ಗೊತ್ತಾಗುತ್ತದೆ.

ಆ ವರ್ಷ ಕಂಪನಿಯ ಒಂದು ದೊಡ್ಡ ಕೆಲಸ ಮುಗಿಯುತ್ತ ಬಂದಿತ್ತು. ಜನರನ್ನು ಕೆಲಸದಿಂದ ತೆಗೆದು ಊರಿಗೆ ಕಳಿಸುವ ಲಿಸ್ಟ್ ತಯಾರಾಗುತ್ತಿದೆ ಎಂದು ಸುದ್ದಿ. ಪ್ರತಿ ವಾರ ಯಾರೋ ಒಬ್ಬರ ಮನೆಯಲ್ಲಿ ಸೋಫಾ, ಫ್ರಿಜ್ ಮಾರಾಟಕ್ಕಿರುತ್ತಿತ್ತು. ನನ್ನ ಪಕ್ಕದ ಬೆಂಚಿನ ಹುಡುಗಿ ಒಂದು ಬುಧವಾರ ಟಾಟಾ ಹೇಳಿ ಹೋದವಳು ಗುರುವಾರ, ಶುಕ್ರವಾರದ ರಜೆ ಮುಗಿದು ಶನಿವಾರ ಬರಲೇ ಇಲ್ಲ. ಅಪ್ಪ ಕೆಲಸದಿಂದ ಬಂದು ಶೂ ಬಿಚ್ಚುವ ರೀತಿಯನ್ನು ನಾನೂ ಅಮ್ಮನೂ ನೋಡುತ್ತಿದ್ದೆವು. ಶೂ ಸಾವಕಾಶವಾಗಿ ಕಳಚಿದರೆ ಅಮ್ಮ ಏನೂ ಕೇಳದೆ ಚಹಾ ಕೊಡುತ್ತಿದ್ದಳು. ಅಷ್ಟರಲ್ಲಿ ಸೆಕ್ಷನ್ನಿಗೆ ಹೊಸ ಮ್ಯಾನೇಜರ್ ಬಂದ. ಮಿಸ್ಟರ್ ಜೆಫ್ರಿ ಎಂದು ಎಲ್ಲರೂ ಕರೆಯುತ್ತಿದ್ದರು. ಬಂದ ಮೂರನೇ ದಿನವೇ ಅವನು ಅಪ್ಪನನ್ನು ಕ್ಯಾಬಿನ್ನಿಗೆ ಕರೆದ. ಅಪ್ಪ ಲಿಸ್ಟ್ ಎಂದುಕೊಂಡು ಹೋದರೆ ಅವನು ಕೇಳಿದ್ದು ಹೆಸರಿನ ಬಗ್ಗೆ. ಅವನ ತಾಯಿ ಹುಟ್ಟಿನಿಂದ ಸ್ಯಾಟರ್‌ಥ್ವೈಟ್ ಅಂತೆ. ಅವರ ಕವಲಿನಲ್ಲಿ ಆ ಹೆಸರು ಅವಳಿಗೇ ಕೊನೆಯಂತೆ. ಇಪ್ಪತ್ತು ವರ್ಷಗಳಿಂದ ಆ ಹೆಸರಿನ ಚರಿತ್ರೆ ಕಲೆಹಾಕುತ್ತಿರುವ ಅವನಿಗೆ, ಅದು ದೋಹಾದ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಜೀವಂತ ಕೂತಿರುವುದು ನೋಡಿ ಕುಣಿಯುವಷ್ಟು ಖುಷಿ. ಅಪ್ಪ ಬೊಂಬಾಯಿಯ ಉತ್ತರವನ್ನೇ ಇನ್ನಷ್ಟು ಒಗ್ಗರಣೆ ಹಾಕಿ ಹೇಳಿದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಸುಳ್ಳು ಹೇಳುವವರಿಗೆ ಸಾಕ್ಷಿ ತೋರಿಸುವ ಚಪಲವೂ ಇರುತ್ತದೆ. ನನ್ನ ತಾಯಿ ವಿಸಿಟ್ ವೀಸಾದಲ್ಲಿ ಬರುತ್ತಿದ್ದಾರೆ, ಅವರಿಗೆ ಎಲ್ಲ ಗೊತ್ತು ಎಂದುಬಿಟ್ಟ. ಹಾಗಾದರೆ ನಾನೇ ನಿಮ್ಮ ಮನೆಗೆ ಬಂದು ಕೇಳುತ್ತೇನೆ ಎಂದು ಮಿಸ್ಟರ್ ಜೆಫ್ರಿ ಡೈರಿಯಲ್ಲಿ ಬರೆದುಕೊಂಡ.

ಅಜ್ಜಿ ಬಂದಳು. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಕಲಿಸಿ ನಿವೃತ್ತಳಾದವಳು. ದನಿ ತಗ್ಗಿಸುವುದು ಅವಳಿಗೆ ಗೊತ್ತೇ ಇರಲಿಲ್ಲ. ಎರಡು ಸೂಟ್‌ಕೇಸುಗಳಲ್ಲಿ ಒಂದರ ತುಂಬ ಹಪ್ಪಳದಂತೆ ಗರಿಗರಿಯಾದ ಅಕ್ಕಿಯ ಕೋರಿರೊಟ್ಟಿ, ಮೆಣಸಿನ ಹುಡಿ, ಉಪ್ಪಿನಕಾಯಿ. ಮೊದಲ ಶುಕ್ರವಾರ ಪ್ರಾರ್ಥನೆಯಲ್ಲಿ ಕೂತವಳು, “ಇಷ್ಟು ಮೆಲ್ಲ ಹಾಡಿದ್ರೆ ದೇವರು ಕಿವಿಗೆ ಕೈ ಇಟ್ಟು ಕೇಳ್ಬೇಕಷ್ಟೆ” ಎಂದಳು. ಅಪ್ಪ ಎರಡು ದಿನ ಅವಳ ಹಿಂದೆ ಮುಂದೆ ಸುತ್ತಿದ. ಮೂರನೆಯ ದಿನ ಅವಳು ಮೀನು ಕೊಯ್ಯುತ್ತಿದ್ದಾಗ ವಿಷಯ ಹೇಳಿದ. ನಾನು ಹಾಲಿನಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದೆ. ಮೊದಲು ಕೇಳಿಸಿದ್ದು ಕತ್ತಿ ಹಲಗೆಯ ಮೇಲೆ ಬಿದ್ದ ಸದ್ದು.

“ಎಂತ ಹೇಳಿದ್ದೀ ನೀನು ಅವನಿಗೆ? ಅಕ್ಕು ಅಜ್ಜಿ ಸಾಹೇಬನ ಹೆಂಡ್ತಿ ಅಂತವಾ?”

“ಮೆಲ್ಲ ಅಮ್ಮ. ಆಚೆ ಕೇಳ್ತದೆ.”

“ಕೇಳ್ಲಿ! ಗಂಡ ಇದ್ದ ಹೆಂಗ್ಸು ಅವಳು. ದೋಣಿಯ ಐತಪ್ಪನ ಹೆಂಡ್ತಿ. ನಾನು ಮದುಮಗಳಾಗಿ ಬಂದಾಗ ಅವಳ ತಲೆ ಬಾಚಿದ್ದೇನೆ, ಅವಳ ಬಾಯಿಂದಲೇ ಕೇಳಿದ್ದೇನೆ.”

“ನಾನು ಮರ್ಯಾದೆಯಲ್ಲೇ ಹೇಳಿದ್ದಮ್ಮ. ಮದುವೆ ಆದ ಹೆಂಡ್ತಿ ಅಂತ.”

“ಆ ಕಾಲದ ಸಾಹೇಬ್ರು ನಮ್ಮ ಹೆಂಗಸ್ರನ್ನು ಯಾವ ಚರ್ಚಲ್ಲಿ ಮದುವೆ ಆಗಿದ್ದಾರೆ? ಕೇಳಿದವ್ರಿಗೆ ತಲೆ ಇಲ್ವಾ? ನಿನ್ನ ನೌಕರಿಗೆ ಅವಳ ಮಾನ ಕೊಟ್ಟು ಬಂದಿಯಲ್ಲ ಮಗಾ.”

ಆಮೇಲೆ ಅಪ್ಪ ಹೇಳಿದ್ದು ನನಗೆ ಅರ್ಧವಷ್ಟೇ ಕೇಳಿಸಿತು. ಅವನು ಅಳುತ್ತಿದ್ದನೋ ಏನೋ. ನಿಜ ಹೇಳಿದರೆ ಫ್ಯಾಮಿಲಿ ಸ್ಟೇಟಸ್ ಹೋಗುತ್ತದೆ, ಸುಳ್ಳು ಹೇಳಿದವನೆಂದು ಲಿಸ್ಟಿಗೂ ಹಾಕಬಹುದು, “ಖಲಾಸ್ ಅಮ್ಮ, ಇವರಿಬ್ರನ್ನೂ ಊರಿಗೆ ಕಳಿಸ್ಬೇಕು” ಎಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿತು. ಅಕ್ಕುವಿನ ಮಾನ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಕ್ಯಾಸೆಟ್ಟಿನ ಅಪ್ಪ ಹೇಗಿರುತ್ತಾನೆ ಎಂದು ಗೊತ್ತಿತ್ತು. ಆ ವಾರವಿಡೀ ನಾನು ಉಗುರು ಕಚ್ಚಿ ಕಚ್ಚಿ ಬೆರಳುಗಳಲ್ಲಿ ರಕ್ತ ಬರಿಸಿಕೊಂಡೆ. ಅಜ್ಜಿ ಏನು ಮಾಡುತ್ತಾಳೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅವಳು ಅಪ್ಪನ ಹತ್ತಿರ ಮಾತೇ ಬಿಟ್ಟಳು.

ಶುಕ್ರವಾರ ಮಧ್ಯಾಹ್ನ ಮಿಸ್ಟರ್ ಜೆಫ್ರಿ ಬಂದ. ಉದ್ದ ಮನುಷ್ಯ, ಬಿಸಿಲಿಗೆ ಕೆಂಪಾದ ಕುತ್ತಿಗೆ, ಕಂಕುಳಲ್ಲಿ ಸುರುಳಿ ಸುತ್ತಿದ ದೊಡ್ಡ ಕಾಗದ. ಅಮ್ಮ ಅವನಿಗೆಂದು ಖಾರ ಕಡಿಮೆ ಮಾಡಿದ ಕೋಳಿ ಪದಾರ್ಥ ಬೇರೆ ಮಾಡಿದ್ದಳು. ಗಡಿಬಿಡಿಯಲ್ಲಿ ನಮ್ಮದನ್ನೇ ಅವನಿಗೆ ಬಡಿಸಿದಳು. ಅವನು ಕಣ್ಣಲ್ಲಿ ನೀರು ಸುರಿಸುತ್ತ, ಕೋರಿರೊಟ್ಟಿಯನ್ನು ಕಟಕಟ ಮುರಿಯುತ್ತ, ವೆರಿ ನೈಸ್ ಎಂದು ತಿಂದ. ಊಟವಾದ ಮೇಲೆ ಕಾಗದವನ್ನು ನೆಲದ ಮೇಲೆ ಬಿಡಿಸಿ ನನ್ನನ್ನು ಕರೆದು ತೋರಿಸಿದ. ಇಂಗ್ಲೆಂಡಿನ ಉತ್ತರದಲ್ಲಿ, ಕೆರೆಗಳೂ ಗುಡ್ಡಗಳೂ ಇರುವ ಸೀಮೆಯಲ್ಲಿ, ಆ ಹೆಸರಿನ ಒಂದು ಪುಟ್ಟ ಹಳ್ಳಿ ಇದೆಯಂತೆ. ಸಾವಿರ ವರ್ಷದ ಹಿಂದೆ ಸಮುದ್ರ ದಾಟಿ ಬಂದ ಜನ ಅಲ್ಲಿ ಕಾಡು ಕಡಿದು ಜಾಗ ಮಾಡಿದರಂತೆ. ಬೇಸಿಗೆ ಬಂದಾಗ ದನಗಳನ್ನು ಗುಡ್ಡಕ್ಕೆ ಹೊಡೆದುಕೊಂಡು ಹೋಗಿ, ನಾಲ್ಕು ತಿಂಗಳಿಗೊಂದು ಗುಡಿಸಲು ಕಟ್ಟಿ, ಚಳಿಗೆ ಮೊದಲು ಇಳಿದು ಬರುತ್ತಿದ್ದರು. ಆ ಗುಡಿಸಲಿನ ಬಯಲು ಎಂದೇ ಹೆಸರಿನ ಅರ್ಥ. ನಾನು ಅಮ್ಮನಿಗೆ ಹೇಳಿದಾಗ, “ಕುಮ್ರಿ ಬೇಸಾಯಕ್ಕೆ ಕಾಡು ಕಡಿದ ಜಾಗ ಅಂತ ಹೇಳು” ಎಂದಳು. ಅಲ್ಲೇ ಉಳಿದವರಿಗೆ ಆ ಹೆಸರು ಬೇಕಾಗಲಿಲ್ಲ, ಎಂದ ಮಿಸ್ಟರ್ ಜೆಫ್ರಿ. ಊರು ಬಿಟ್ಟು ಹೋದವರನ್ನು ಬೇರೆ ಊರಿನವರು ಎಲ್ಲಿಯವರೆಂದು ಕೇಳುತ್ತಾರಲ್ಲ, ಹಾಗೆ ಹೇಳಿ ಹೇಳಿ ಅದೇ ಅಡ್ಡಹೆಸರಾಯಿತು. ಕಾಗದದ ತುಂಬ ಕೊಂಬೆಗಳು, ಅವುಗಳ ತುದಿಗಳಲ್ಲಿ ಹೆಸರುಗಳು. ಬಲಗಡೆಯ ಒಂದು ಮೂಲೆಯಲ್ಲಿ ಪೆನ್ಸಿಲಿನಲ್ಲಿ ಗೀಟೆಳೆದು ಖಾಲಿ ಬಿಟ್ಟಿದ್ದ. ಅದು ನಮ್ಮ ಜಾಗ. ನನ್ನ ಹೆಸರು ಈ ಕಾಗದದಲ್ಲಿ ಇಲ್ಲ, ನಾನು ತಂದೆಯ ಹೆಸರಿನವನು, ತಾಯಿಯ ಕಡೆಯದಕ್ಕೆ ಹಕ್ಕಿಲ್ಲ, ಎಂದು ನಕ್ಕ. ನಗುವಾಗಲೂ ಅವನಿಗೆ ಅದರ ಬೇಸರವಿತ್ತು.

ಆಮೇಲೆ ಅವನು ಅಜ್ಜಿಯ ಕಡೆ ತಿರುಗಿ ಕೇಳಿದ. ಅಪ್ಪ ಅನುವಾದ ಮಾಡಲು ಬಾಯಿ ತೆರೆದ. ಅಜ್ಜಿ ಕೈಯೆತ್ತಿದಳು.

“ನೀನು ಬೇಡ. ನೀನು ನಾನು ಹೇಳಿದ್ದನ್ನು ಹೇಳುದಿಲ್ಲ. ಮಗು ಹೇಳ್ಲಿ. ಶೀಲಾ, ಇಲ್ಲಿ ಬಾ.”

ಅಮ್ಮ ಪದಾರ್ಥ ಬಿಸಿ ಮಾಡುತ್ತೇನೆಂದು ಎದ್ದು ಹೋದಳು. ಎಲ್ಲರ ಊಟ ಮುಗಿದಿತ್ತು. ಅಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತರಗತಿಯಲ್ಲಿ ಹೇಳುವಂತೆ ನಿಧಾನವಾಗಿ, ನನ್ನ ಬಡ ಕನ್ನಡಕ್ಕೂ ಎಟಕುವಂತೆ ಹೇಳಿದಳು.

“ಇವ್ರಿಗೆ ಹೇಳು. ಅಕ್ಕು ಅಂಬಿಗ ಐತಪ್ಪನ ಹೆಂಡ್ತಿ. ಇವ್ರ ಸ್ಯಾಟರ್‌ಥ್ವೈಟ್ ಸಾಹೇಬ್ರು ರಸ್ತೆ ಅಳೆಯುವಾಗ ಐತಪ್ಪ ಅವ್ರನ್ನು ಹೊಳೆ ದಾಟಿಸ್ತಾ ಇದ್ದ. ಐತಪ್ಪ, ಅಕ್ಕು ಸಣ್ಣ ಮಗು ಸಮುವೇಲನನ್ನು ಕಟ್ಟಿಕೊಂಡು ಜ್ಞಾನಸ್ನಾನ ತಗೊಂಡಾಗ ಸಾಹೇಬ್ರು ಸಾಕ್ಷಿ ನಿಂತ್ರು. ಸಾಕ್ಷಿ ನಿಂತವ್ರ ಹೆಸರು ಮಗುವಿಗೆ ಇಡುದು ಪಾದ್ರಿಗಳ ಕ್ರಮ. ಅಷ್ಟೇ. ಆ ವರ್ಷವೇ ಸಾಹೇಬ್ರು ಹೋದ್ರು. ನಮ್ಮಲ್ಲಿ ಅವ್ರ ರಕ್ತ ಇಲ್ಲ. ಹೇಳಿದೆಯಾ?”

“ಹೇಳ್ತೇನೆ ಅಜ್ಜಿ. ಪೂರಾ ಆಗ್ಲಿ.”

“ಮತ್ತೊಂದು ಹೇಳು. ನಾವು ಕ್ರಿಸ್ತಾನರಾದ್ರೂ ಮದುವೆ ಸಂಬಂಧ ಕೇಳುವಾಗ ಈಗ್ಲೂ ಬಳಿ ಕೇಳ್ತೇವೆ, ಬಳಿ ಅಂದ್ರೆ ಕುಲದ ಹೆಸರು. ಬಳಿ ಬರುದು ತಾಯಿಯಿಂದ, ಅಪ್ಪನಿಂದ ಅಲ್ಲ. ಇವ್ರ ತಾಯಿ ಆ ಹೆಸರಿನವ್ಳಾದ್ರೆ ಇವ್ರೇ ಆ ಹೆಸರಿನವ್ರು. ನಾವಲ್ಲ. ಹೆಸರು ಇವ್ರದ್ದು. ನಾವು ಇಷ್ಟು ವರ್ಷ ಜಾಗ್ರತೆಯಲ್ಲಿ ಇಟ್ಟುಕೊಂಡದ್ದು ಅಷ್ಟೇ.”

ಮಿಸ್ಟರ್ ಜೆಫ್ರಿ ಪೆನ್ಸಿಲ್ ಹಿಡಿದು ನನ್ನನ್ನೇ ನೋಡುತ್ತಿದ್ದ. ಅಪ್ಪ ನನ್ನನ್ನು ನೋಡುತ್ತಿರಲಿಲ್ಲ, ಕಾರ್ಪೆಟ್ಟನ್ನು ನೋಡುತ್ತಿದ್ದ. ಅಜ್ಜಿಯ ಕೈ ನನ್ನ ಬೆನ್ನ ಮೇಲಿತ್ತು. ಆಮೇಲೆ ಇಂಗ್ಲಿಷಿನಲ್ಲಿ ನಾನು ಹೇಳಿದ್ದು ಇಷ್ಟು: ಅಪ್ಪ ನಿಮಗೆ ಹೇಳಿದ್ದೆಲ್ಲ ನಿಜವೆಂದು ಅಜ್ಜಿ ಹೇಳುತ್ತಿದ್ದಾಳೆ. ಅಕ್ಕು ಸರ್ವೇಯರರ ಹೆಂಡತಿ. ಮದುವೆ ಚರ್ಚಿನಲ್ಲಿ ಆಯಿತು. ನೀವು ಬಂದದ್ದು ಅವಳಿಗೆ ಸಂತೋಷ.

ಮಿಸ್ಟರ್ ಜೆಫ್ರಿ ಎದ್ದು ಬಂದು ಅಜ್ಜಿಯ ಎರಡೂ ಕೈ ಹಿಡಿದುಕೊಂಡ. ನನ್ನ ತಾಯಿಗೆ ಇವತ್ತೇ ಕಾಗದ ಬರೆಯುತ್ತೇನೆ, ಹೆಸರು ನನ್ನ ಮನೆಯಲ್ಲಿ ಮುಗಿದರೂ ನಿಮ್ಮಲ್ಲಿ ಉಳಿದಿದೆ, ಎಂದ. ಎಂತ ಹೇಳ್ತಾರೆ ಎಂದು ಅಜ್ಜಿ ನನ್ನನ್ನು ಕೇಳಿದಳು.

“ಬೇಜಾರಿಲ್ಲವಂತೆ ಅಜ್ಜಿ. ನಿಜ ಹೇಳಿದ್ದು ಒಳ್ಳೇದಾಯ್ತಂತೆ.”

“ಒಳ್ಳೆ ಮನುಷ್ಯ,” ಎಂದಳು ಅಜ್ಜಿ. ಅವನು ನೆಲದ ಮೇಲೆ ಮಂಡಿಯೂರಿ ಕೂತು, ಪೆನ್ಸಿಲಿನ ಗೀಟಿನ ಮೇಲೆ ಶಾಯಿಯಲ್ಲಿ ಗೀಟೆಳೆದು, ಸರ್ವೇಯರನ ಪಕ್ಕದಲ್ಲಿ ಅಕ್ಕುವಿನ ಹೆಸರು ಬರೆದ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರೆ. ನಮಗೆ ಎಂಟು ವರ್ಷ ಸಿಕ್ಕಿತು. ಅಪ್ಪ ಲಿಸ್ಟಿನಲ್ಲಿ ಇರಲಿಲ್ಲ. ಫ್ಯಾಮಿಲಿ ಸ್ಟೇಟಸ್ ನಿಜವಾಗಿ ಆ ಹೆಸರಿನಿಂದ ಬಂದದ್ದೋ, ಅಪ್ಪನ ಕೈಕೆಲಸದಿಂದ ಬಂದದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ ಎಂದು ಈಗ ಅನಿಸುತ್ತದೆ. ಆ ದಿನದ ನಂತರ ಅವನು ನನಗೆ ಬಾಯಿಪಾಠ ಒಪ್ಪಿಸಲು ಹೇಳಲಿಲ್ಲ. ಬೈಯಲೂ ಇಲ್ಲ. ಏನು ತಪ್ಪು ಮಾಡಿದರೂ ಬೈಯದ ಅಪ್ಪನನ್ನು ಕಂಡರೆ ನನಗೆ ಇನ್ನೂ ಹೆದರಿಕೆಯಾಗುತ್ತಿತ್ತು. ಮಿಸ್ಟರ್ ಜೆಫ್ರಿ ಮುಂದಿನ ವರ್ಷ ಊರಿಗೆ ಮರಳಿದ. ಅವನ ತಾಯಿ ನನಗೆ ಕ್ರಿಸ್ಮಸ್ ಕಾರ್ಡು ಕಳಿಸುತ್ತಿದ್ದಳು, ಡಿಯರ್ ಕಸಿನ್ ಎಂದು ಬರೆದು. ಆಮೇಲೆ ಅದೂ ನಿಂತಿತು. ನಾನು ದೊಡ್ಡವಳಾದ ಮೇಲೆ ನನ್ನನ್ನು ಹೆಚ್ಚು ಚುಚ್ಚಿದ್ದು ಅವನ ವಿಷಯ. ನೀನೇ ಆ ಹೆಸರಿನವನು ಎಂದು ಜಗತ್ತಿನಲ್ಲಿ ಒಬ್ಬಳೇ ಒಬ್ಬಳು ಅವನಿಗೆ ಹೇಳಿದಳು, ನಾನು ಅದನ್ನು ದಾಟಿಸಲಿಲ್ಲ. ವಿಳಾಸ ಹುಡುಕಿ ಕಾಗದ ಬರೆಯಬಹುದಿತ್ತು. ಬರೆದೆ, ಹಾಕಲಿಲ್ಲ.

ಅಜ್ಜಿಯಂತೂ ಊರಿಗೆ ಹೋದಮೇಲೆ ಸಭೆಯವರಿಗೆಲ್ಲ ಸಾರಿದಳು. ಪ್ರತಿ ರಜೆಯಲ್ಲೂ ಮನೆಗೆ ಬಂದವರ ಮುಂದೆ ನನ್ನನ್ನು ನಿಲ್ಲಿಸಿ, “ದೊರೆಯ ಎದುರು ಹೆದರದೆ ನಿಜ ಹೇಳಿದ ಹುಡುಗಿ ಇವ್ಳೇ” ಎನ್ನುತ್ತಿದ್ದಳು. ನಾನು ತಲೆ ತಗ್ಗಿಸುತ್ತಿದ್ದೆ. ನಾಚಿಕೆ ಎಂದುಕೊಂಡು ಬಂದವರು ಮೆಚ್ಚುತ್ತಿದ್ದರು. ಹೀಗೆ ಹತ್ತು ಹನ್ನೆರಡು ವರ್ಷ. ಮಂಗಳೂರಿಗೆ ಹೋಗುವುದೆಂದರೆ ನನಗೆ ಹೊಟ್ಟೆನೋವು ಬರುತ್ತಿತ್ತು.

ಕೊನೆಯ ವರ್ಷ ಅಜ್ಜಿ ಅತ್ತ ಇತ್ತ ನಡೆಯಲಾಗದೆ ನನ್ನ ಸೋದರತ್ತೆಯ ಮನೆಯಲ್ಲಿ ಮಲಗಿದ್ದಳು. ನಾನಾಗ ಕೆಲಸಕ್ಕೆ ಸೇರಿದ್ದೆ, ಎರಡು ದಿನಕ್ಕೆಂದು ಬಂದಿದ್ದೆ. ಮಧ್ಯಾಹ್ನ ಅತ್ತೆ ಬಟ್ಟೆ ಒಗೆಯುತ್ತಿದ್ದಾಗ ಅಜ್ಜಿ ನನ್ನನ್ನು ಹತ್ತಿರ ಕರೆದಳು.

“ಆ ದಿನ ದೊರೆಗೆ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಒಮ್ಮೆ ಹೇಳು ನೋಡುವ. ಕೇಳ್ಬೇಕು ಅಂತ ಆಗ್ತದೆ.”

ನಾನು ಹೇಳಿದೆ. ಈ ಸಲ ನಿಜವನ್ನು ಹೇಳಿದೆ, ಒಂದನ್ನೂ ಬಿಡದೆ. ಅಂಬಿಗ ಐತಪ್ಪ, ಅವನ ಹೆಂಡತಿ ಅಕ್ಕು, ಹೊಳೆ, ಸಾಕ್ಷಿ ನಿಂತ ಸಾಹೇಬ, ತಾಯಿಯಿಂದ ಬರುವ ಬಳಿ, ಹೆಸರು ನಿಮ್ಮದೇ, ನಾವು ಜಾಗ್ರತೆಯಲ್ಲಿ ಇಟ್ಟುಕೊಂಡಿದ್ದೆವು. ಅರ್ಥವಾಗದ ಭಾಷೆಯಲ್ಲಿ ಹೇಳುವುದು ಸುಲಭ ಎಂದುಕೊಂಡಿದ್ದೆ. ಅರ್ಧಕ್ಕೇ ನನ್ನ ದನಿ ಒಡೆಯಿತು. ಅಜ್ಜಿ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು.

“ಇವತ್ತು ಐತಪ್ಪನ ಹೆಸರು ಬಂತು,” ಎಂದಳು. “ಆ ದಿನ ಬಂದಿರ್ಲಿಲ್ಲ.”

ಇಂಗ್ಲಿಷ್ ಬಾರದಿದ್ದರೂ ಹೆಸರು ಹೆಸರೇ ಅಲ್ಲವೇ, ಅವಳು ಅದಕ್ಕೆ ಕಿವಿಗೊಟ್ಟು ಕೂತಿದ್ದಳು.

“ಗೊತ್ತಿತ್ತಾ ಅಜ್ಜಿ? ಮತ್ತೆ ಎಲ್ಲರ ಹತ್ರ ಹಾಗೆ ಯಾಕೆ ಹೇಳಿದ್ದು?”

“ಅಷ್ಟು ಭಾರ ಹನ್ನೊಂದು ವರ್ಷದ ಮಗುವಿನ ತಲೆ ಮೇಲೆ ಇಟ್ಟದ್ದು ನಾನಲ್ವಾ ಮಗಾ. ನಿನ್ನ ಅಪ್ಪ ಅಲ್ಲ, ನಾನು. ತಪ್ಪು ನಿನ್ನ ಮೇಲೆ ಬರ್ಬಾರ್ದು ಅಂತ ಹಾಗೆ ಹೇಳಿದ್ದು.” ಅವಳು ನನ್ನ ಕೈಯನ್ನು ಹುಡುಕಿ ಹಿಡಿದಳು. “ಅಳ್ಬೇಡ. ಇನ್ನೊಮ್ಮೆ ಹೇಳು. ಐತಪ್ಪನ ಹೆಸರು ಬರುವಲ್ಲಿಂದ.”